ಗುಣವಾದವರಿಗೆ ಹಾರ್ಮೋನು: ಯಾರ ಧೈರ್ಯ, ಯಾರ ಗಂಡಾಂತರ?

ಸ್ತನ ಕ್ಯಾನ್ಸರಿನಿಂದ ಗುಣಮುಖರಾದ ಮಹಿಳೆಯರು ಮುಟ್ಟು ನಿಂತ ಕಾಲದ ಮೈಬಿಸಿ, ಬೆವರು, ನಿದ್ರಾಭಂಗಗಳಿಂದ ನರಳುವಾಗ, ಹಾರ್ಮೋನು ಚಿಕಿತ್ಸೆಯಿಂದ ಕೇಡೇನೂ ಇಲ್ಲವೆಂದು ಧೈರ್ಯ ಹೇಳುವವರು ಇಂದಿಗೂ ಇದ್ದಾರೆ.

ಹಳೆಯ ಅಧ್ಯಯನಗಳಲ್ಲಿ ಹಾರ್ಮೋನು ಪಡೆದವರಿಗೆ ರೋಗ ಮರುಕಳಿಸಿದ್ದೇ ಕಡಿಮೆ ಎಂಬುದು ಇವರ ವಾದ. ಆದರೆ ಪಡೆದವರು ಯಾರು? ಮರುಕಳಿಸುವ ಭಯ ಕಡಿಮೆಯಿದ್ದವರಿಗೇ ವೈದ್ಯರು ಅದನ್ನು ಕೊಟ್ಟಿರುವುದು ಸಹಜ. ಜಾಣ ಮಕ್ಕಳನ್ನೇ ಆರಿಸಿ ಮನೆಪಾಠಕ್ಕೆ ಸೇರಿಸಿಕೊಂಡು, ಫಲಿತಾಂಶ ಬಂದಮೇಲೆ ತಮ್ಮ ಪಾಠದ ಮಹಿಮೆಯನ್ನು ಕೊಂಡಾಡಿಕೊಳ್ಳುವ ಮೇಷ್ಟರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ!

ಹಾಗೆ ಆರಿಸದೆ, ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಿದ್ದು ಸ್ವೀಡನ್ನಿನ ವೈದ್ಯರ ನೇತೃತ್ವದ ‘ಹ್ಯಾಬಿಟ್ಸ್’ ಪ್ರಯೋಗ. 2003ರ ಡಿಸೆಂಬರಿನಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. 2008ರ ವರದಿಯಂತೆ, ಹಾರ್ಮೋನಿನ ಗುಂಪಿನ 221 ಮಂದಿಯಲ್ಲಿ 39 ಜನರಿಗೆ ಸ್ತನ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿತು. ಇನ್ನೊಂದು ಗುಂಪಿನ 221 ಮಂದಿಯಲ್ಲಿ 17 ಜನರಿಗೆ.

ಸ್ಟಾಕ್‌ಹೋಮಿನ ಪ್ರಯೋಗದಲ್ಲಿ ಒಟ್ಟಾರೆ ಇಂಥ ಅಂತರ ಕಾಣಲಿಲ್ಲವೆಂದು ಅವರು ಎದುರುತ್ತರ ಕೊಡುತ್ತಾರೆ. ಒಪ್ಪೋಣ. ಅದೇ ಪ್ರಯೋಗದ ಹತ್ತು ವರ್ಷಗಳ ಲೆಕ್ಕವನ್ನೂ ಅವರು ಓದಲಿ: ಇನ್ನೊಂದು ಸ್ತನದಲ್ಲಿ ಕ್ಯಾನ್ಸರ್ ಬಂದದ್ದು ಹಾರ್ಮೋನಿನ ಗುಂಪಿನಲ್ಲಿ 14 ಮಂದಿಗೆ, ಪಡೆಯದವರಲ್ಲಿ ನಾಲ್ವರಿಗೆ ಮಾತ್ರ. ಒಟ್ಟು ಅಂಕ ತೋರಿಸಿ, ನಪಾಸಾದ ವಿಷಯವನ್ನು ಮುಚ್ಚಿಡುವುದೇ?

“ಸಹಿಸಿಕೊಳ್ಳಿ ತಾಯಿ” ಎಂದು ಬರಿಗೈಯಲ್ಲಿ ಕಳುಹಿಸುವವರ ಮೇಲೂ ನನಗೆ ಅಷ್ಟೇ ಸಿಟ್ಟು. ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಹಾರ್ಮೋನಲ್ಲದ ಔಷಧಿಗಳಿಂದ ಮೈಬಿಸಿ ತಗ್ಗುವುದುಂಟು. ಅವುಗಳ ಹೆಸರನ್ನೂ ಎತ್ತದೆ ಹಾರ್ಮೋನು ಬರೆದುಕೊಡಲು ಇಷ್ಟೇಕೆ ಅವಸರ?