ಹಳೆಯ ಟೈರು ಮತ್ತು ಕಸದ ಗುಂಡಿಯ ತಳ

ಅಮೆರಿಕದಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. ಎಂಟನೆಯ ತರಗತಿಯಲ್ಲಿ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ಉರುಳಿಸುತ್ತ ಶಾಲೆಯ ಗೇಟಿನವರೆಗೂ ಬರುತ್ತಿದ್ದ ಹುಡುಗ. "ಸಾರ್, ಟೈರು ನನ್ನನ್ನು ಇನ್ನೂ ಬಿಟ್ಟಿಲ್ಲ" ಎಂದು ನಕ್ಕ. ಕಸ ತುಂಬುವ ಭೂಭರ್ತಿಗಳ ತಳದಲ್ಲಿ ಜಲ್ಲಿಗೆ ಬದಲಾಗಿ ಹಳೆಯ ಟೈರುಗಳ ಚೂರನ್ನು ಹರಡಿಸುವುದು ಅವನ ಕೆಲಸಗಳಲ್ಲೊಂದಂತೆ.

ಗಂಧಕ ಬೆರೆಸಿ ಕಾಯಿಸಿದ ರಬ್ಬರಿನ ಪಾಠವನ್ನು ನನ್ನಿಂದ ಕೇಳಿದವರಿಗೆ ನೆನಪಿರಬಹುದು. ಅದು ಮತ್ತೆ ಕರಗುವುದಿಲ್ಲ, ಸುಲಭವಾಗಿ ಕೊಳೆಯುವುದೂ ಇಲ್ಲ. ಇಡೀ ಟೈರನ್ನು ಹೂಳಿದರೆ ಅದರ ಪೊಳ್ಳಿನಲ್ಲಿ ಅನಿಲ ಸೇರಿ, ಅದು ಮೆಲ್ಲಮೆಲ್ಲನೆ ಮೇಲಕ್ಕೇರಿ ಬರುತ್ತದೆ. ಚೂರು ಮಾಡಿದರೆ ಆ ತೊಂದರೆಯಿಲ್ಲ. ಕಸದಿಂದ ಸೋರುವ ಕೊಳೆನೀರು ಚೂರುಗಳ ಸಂದಿನಲ್ಲಿ ಇಳಿದು ಕೊಳವೆಗಳನ್ನು ಸೇರುತ್ತದೆ. ತೂಕವೋ, ಜಲ್ಲಿಯ ಅರ್ಧಕ್ಕಿಂತ ಕಡಿಮೆ. ಜಲ್ಲಿಗಾಗಿ ನಮ್ಮ ಗುಡ್ಡಗಳು ಕರಗುತ್ತಿರುವುದನ್ನು ಕಂಡವನಿಗೆ ಇದು ಸಣ್ಣ ಲಾಭವೆನಿಸುವುದಿಲ್ಲ.

ಆದರೆ ಚೂರಿನಿಂದ ಹೊರಚಾಚಿದ ಉಕ್ಕಿನ ತಂತಿ ತಳದ ಪ್ಲಾಸ್ಟಿಕ್ ಹಾಳೆಯನ್ನು ಚುಚ್ಚಬಲ್ಲದು. ನಡುವೆ ರಕ್ಷಣೆಯ ಪದರ ಬೇಕು. ಬೆಂಕಿಯ ಭಯವೂ ಉಂಟು. 1995ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಟೈರಿನ ಚೂರು ತುಂಬಿ ಕಟ್ಟಿದ ಎರಡು ರಸ್ತೆಯ ಏರಿಗಳು ಒಳಗೊಳಗೇ ಕಾದು ಉರಿದವು. ಪದರ 3 ಮೀಟರ್ ದಪ್ಪವನ್ನು ಮೀರಕೂಡದೆಂಬ ನಿಯಮ ಬಂದದ್ದು ಅದರ ನಂತರ. ಯುರೋಪಿನ ಒಕ್ಕೂಟವಂತೂ ಭೂಭರ್ತಿಗೆ ಇಡೀ ಟೈರು ಸುರಿಯುವುದನ್ನು 2003ರಿಂದಲೂ, ಚೂರನ್ನು 2006ರಿಂದಲೂ ನಿಷೇಧಿಸಿತು. ನಿರ್ಮಾಣ ಸಾಮಗ್ರಿಯಾಗಿ ಬಳಸುವ ಟೈರಿಗೆ ವಿನಾಯಿತಿ ಕೊಟ್ಟಿತು. ಸುರಿಯುವುದು ಬೇರೆ, ಕಟ್ಟುವುದು ಬೇರೆ ಎಂಬ ಈ ವಿವೇಕ ನನಗೆ ಮೆಚ್ಚುಗೆಯಾಯಿತು.

"ನಮ್ಮಲ್ಲೂ ಮಾಡಬಹುದಲ್ಲವೇ ಸಾರ್?" ಎಂದ. ಮಾಡಬಹುದು, ಆದರೆ ಇಂದೇ ಬೇಡ ಎಂದೆ. ನಮ್ಮ 2016ರ ಘನತ್ಯಾಜ್ಯ ನಿಯಮಗಳು ಭೂಭರ್ತಿಯ ತಳಕ್ಕೆ 90 ಸೆಂಟಿಮೀಟರ್ ಜೇಡಿ ಮತ್ತು ಅದರ ಮೇಲೆ 1.5 ಮಿಲಿಮೀಟರ್ ಹಾಳೆಯನ್ನು ಕೇಳಿದ್ದವು. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನ ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ತಳವೇ ಇಲ್ಲದ ಗುಂಡಿಗೆ ಟೈರಿನ ಚೂರು ಹಾಸಿದರೆ ಕೊಳೆನೀರು ಇನ್ನಷ್ಟು ಸರಾಗವಾಗಿ ಊರಿನ ಬಾವಿಯತ್ತ ಇಳಿದೀತು. ಗುತ್ತಿಗೆದಾರನು ಇಡೀ ಟೈರುಗಳನ್ನೇ ಎಸೆದು "ಮರುಬಳಕೆ" ಎಂದು ಬಿಲ್ಲು ಬರೆದರೆ ಕೇಳುವವರಾರು? ಅವನಿಗೆ ನನ್ನ ಮಾತು ಹಿಡಿಸಲಿಲ್ಲ. "ಎಲ್ಲವೂ ಸರಿಯಾಗುವವರೆಗೆ ಕಾದರೆ ಏನೂ ಆಗುವುದಿಲ್ಲ" ಎಂದ. ಅದೂ ಸುಳ್ಳಲ್ಲ.

ಮರುದಿನ ಇಬ್ಬರೂ ನಮ್ಮೂರಿನ ಕಸದ ಜಾಗಕ್ಕೆ ಹೋದೆವು. ಟೈರುಗಳ ರಾಶಿ, ಪ್ರತಿಯೊಂದರಲ್ಲೂ ಮಳೆನೀರು, ನೀರಿನಲ್ಲಿ ಸೊಳ್ಳೆಮರಿ. ಒಂದು ಮೂಲೆಯಲ್ಲಿ ಯಾರೋ ಸುಟ್ಟ ಕಪ್ಪು ಗುರುತು, ಸುರುಳಿ ತಂತಿ. ಜೇಡಿಯನ್ನಾಗಲಿ ಹಾಳೆಯನ್ನಾಗಲಿ ನಾವು ಕಾಣಲಿಲ್ಲ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಪುರಸಭೆಗಳಲ್ಲಿ ಎಂಜಿನಿಯರುಗಳಾಗಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ: ನಿಮ್ಮೂರಿನ ಗುಂಡಿಗೆ ತಳವುಂಟೇ? ನೋಡಿ, ನನಗೆ ಬರೆದು ತಿಳಿಸಿ.