ಮುಪ್ಪಿನ ಹೊಣೆ ಯಾರದು?

ಪ್ರಜೆಗಳ ಆಯುಸ್ಸು ಹೆಚ್ಚಿತೆಂದರೆ ಸಂತೋಷಪಡತಕ್ಕ ಮಾತೇ ಸರಿ. ಆದರೆ ಆಯುಸ್ಸಿನೊಡನೆ ಬೊಕ್ಕಸದ ಹೊರೆಯೂ ಬೆಳೆಯುವುದೆಂಬುದನ್ನು ನಮ್ಮ ಸರ್ಕಾರಗಳು ಇನ್ನೂ ಮನಗಂಡಂತೆ ತೋರುವುದಿಲ್ಲ. 2011ರ ಜನಗಣತಿಯ ಮೇರೆಗೆ ಭಾರತದಲ್ಲಿ 60 ವರ್ಷ ತುಂಬಿದವರು 10 ಕೋಟಿಗೆ ಮೀರಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ ಮಕ್ಕಳು 1.7, ಜನಸಂಖ್ಯೆ ಕುಗ್ಗದೆ ನಿಲ್ಲಬೇಕಾದರೆ ಸುಮಾರು 2.1 ಆಗಬೇಕು. ಅಂದಮೇಲೆ ತೆರಿಗೆ ತೆರುವ ಕೈಗಳು ಕಡಮೆಯಾಗಿ, ನೆರವಿಗೆ ಚಾಚುವ ಕೈಗಳು ಹೆಚ್ಚುವ ಕಾಲ ದೂರವಿಲ್ಲ.

ಸರ್ಕಾರಿ ನೌಕರರ ಹಳೆಯ ವಿಶ್ರಾಂತಿವೇತನ ಪದ್ಧತಿಯಲ್ಲಿ ಯಾವ ನಿಧಿಯನ್ನೂ ಕೂಡಿಡುತ್ತಿರಲಿಲ್ಲ. ಆಯಾ ವರ್ಷದ ವೇತನವನ್ನು ಆಯಾ ವರ್ಷದ ತೆರಿಗೆಯಿಂದಲೇ ಕೊಡುತ್ತಿದ್ದರು. ನಿವೃತ್ತರು ಅಲ್ಪಸಂಖ್ಯಾತರಾಗಿದ್ದ ಕಾಲಕ್ಕೆ ಇದು ಸಾಗಿತು. ಮುಂದೆ ಸಾಗದೆಂದರಿತೇ ಕೇಂದ್ರ ಸರ್ಕಾರವು 2004ರಿಂದಲೂ, ಕರ್ನಾಟಕವು 2006ರಿಂದಲೂ ಹೊಸದಾಗಿ ಸೇರುವವರಿಗೆ ವಂತಿಗೆಯ ಪದ್ಧತಿಯನ್ನು ಜಾರಿಗೆ ತಂದವು. 2022ರಿಂದೀಚೆಗೆ ರಾಜಸ್ಥಾನ, ಹಿಮಾಚಲ ಪ್ರದೇಶ ಮುಂತಾದ ರಾಜ್ಯಗಳು ಹಳೆಯ ದಾರಿಗೆ ಮರಳಲು ನಿಶ್ಚಯಿಸಿದವು. ವಂತಿಗೆ ನಿಂತೊಡನೆ ಈ ವರ್ಷದ ಆಯವ್ಯಯದಲ್ಲಿ ಹಣ ಉಳಿದಂತೆ ಕಾಣುವುದು ನಿಜ. ಆದರೆ ಅದರ ಲೆಕ್ಕವನ್ನು ತೀರಿಸತಕ್ಕವರು ಇಂದು ತೊಟ್ಟಿಲಲ್ಲಿರುವ ಕೂಸುಗಳು. ಅವರ ಒಪ್ಪಿಗೆಯನ್ನು ಕೇಳಿದವರು ಯಾರು?

ನಮ್ಮ ವಾಚಕರಲ್ಲಿ ಅನೇಕರು ಸರ್ಕಾರಿ ನೌಕರರು. ಅವರಿಗೆ ಈ ಮಾತು ರುಚಿಸದಿರಬಹುದು. ಪೇಟೆಯ ಏರಿಳಿತಕ್ಕೆ ಮುದಿತನವನ್ನು ಒಪ್ಪಿಸಲಾರೆವೆಂಬ ಅವರ ದೂರು ನಿರಾಧಾರವಾದುದಲ್ಲ. 2025ರ ಏಪ್ರಿಲಿನಿಂದ ಜಾರಿಗೆ ಬಂದ ಕೇಂದ್ರದ ಏಕೀಕೃತ ಯೋಜನೆಯು, 25 ವರ್ಷ ಸೇವೆ ಮಾಡಿ ಅದನ್ನು ಆರಿಸಿಕೊಂಡವರಿಗೆ ಕಡೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧದಷ್ಟನ್ನು ಖಚಿತಪಡಿಸಿ, ವಂತಿಗೆಯನ್ನೂ ಉಳಿಸಿಕೊಂಡಿತು. ಭರವಸೆಯೂ ನಿಧಿಯೂ ಜೊತೆಯಾಗಿರಬೇಕೆಂಬ ಈ ತತ್ತ್ವವು ಯುಕ್ತವಾದುದೆಂದೇ ನಮ್ಮ ಅಭಿಪ್ರಾಯ.

ಆದರೆ ಕಚೇರಿಯ ಮೆಟ್ಟಿಲನ್ನೇ ಹತ್ತದ ಒಕ್ಕಲಿಗನ, ಕೂಲಿಯವನ, ವಿಧವೆಯ ಗತಿಯೇನು? ಬಡ ವೃದ್ಧರಿಗೆ ಕೇಂದ್ರವು ಕೊಡುವ ಮಾಸಾಶನ 1995ರಲ್ಲಿ 75 ರೂಪಾಯಿ ಇದ್ದಿತು. ಅನಂತರ 200 ರೂಪಾಯಿಗೆ ಏರಿ, 80 ವರ್ಷಕ್ಕೆ ಒಳಗಿನವರ ಪಾಲಿಗೆ ಹದಿನೈದು ವರ್ಷಗಳಿಗೂ ಮಿಕ್ಕಿ ಅಲ್ಲಿಯೇ ನಿಂತಿತು. ಅಕ್ಕಿಬೇಳೆಯ ಬೆಲೆ ಹಾಗೆ ನಿಲ್ಲಲಿಲ್ಲವಷ್ಟೆ! ರಾಜ್ಯಗಳು ತಮ್ಮ ಪಾಲನ್ನು ಸೇರಿಸಿ ಮರ್ಯಾದೆ ಉಳಿಸಬೇಕಾಯಿತು. ಬಲವಾಗಿ ಕೂಗಬಲ್ಲವರಿಗೆ ಬೊಕ್ಕಸ ತೆರೆದು, ಕೂಗಲಾರದವರಿಗೆ ಮುಚ್ಚುವುದು ಪ್ರಜಾರಾಜ್ಯಕ್ಕೆ ಭೂಷಣವಲ್ಲ.

ಆದುದರಿಂದ ಮುಂದಿನ ಮೂವತ್ತು ವರ್ಷಗಳ ವಿಶ್ರಾಂತಿವೇತನದ ಹೊಣೆಯೆಷ್ಟೆಂಬ ಅಂದಾಜನ್ನು ಪ್ರತಿ ಮುಂಗಡಪತ್ರದೊಡನೆಯೂ ಸರ್ಕಾರವು ಪ್ರಕಟಿಸಲಿ; ಅದಕ್ಕೆ ತಕ್ಕ ನಿಧಿಯನ್ನು ಈಗಲೇ ಕೂಡಿಸಲಿ; ಬಡವೃದ್ಧರ ಮಾಸಾಶನವನ್ನು ಬೆಲೆಗಳಿಗೆ ಅನುಸಾರವಾಗಿ ಏರಿಸಲಿ. ದುಡಿಯುವ ವಯಸ್ಸಿನವರು ಇನ್ನೂ ಹೆಚ್ಚಾಗಿರುವ ಕಾಲವಿದು. ಬಾಯಾರಿದ ಮೇಲೆ ಬಾವಿ ತೋಡಹೊರಡುವುದು ವಿವೇಕವೆನಿಸದು.