ಗತವನ್ನು ಮುಚ್ಚಿಟ್ಟ ದಾಂಪತ್ಯ

ರಹಸ್ಯ ಕಥೆಗಳೆಂದರೆ ಕಾಲಹರಣದ ಸಾಮಗ್ರಿಯೆಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ ಮಂದಿ. ಕುತೂಹಲ ಕೆರಳಿಸುವ ಕಥೆಯೂ ಸಂಸಾರದ ಗಹನ ಪ್ರಶ್ನೆಯೊಂದನ್ನು ಎತ್ತಬಲ್ಲದೆಂಬುದಕ್ಕೆ ಆಂಗ್ಲ ಲೇಖಕಿ ಡಾಫ್ನೆ ಡು ಮೋರಿಯೆ (1907–1989) 1938ರಲ್ಲಿ ಪ್ರಕಟಿಸಿದ ‘ರೆಬೆಕ್ಕಾ’ ಕಾದಂಬರಿಯೇ ಸಾಕ್ಷಿ.

ಕಥೆಯನ್ನು ನಿರೂಪಿಸುವವಳು ತಂದೆತಾಯಿಗಳಿಲ್ಲದ ತರುಣಿ. ಧನಿಕ ಮಹಿಳೆಯೊಬ್ಬಳಿಗೆ ಸಂಬಳದ ಸಂಗಾತಿಯಾಗಿ ಮಾಂಟೆ ಕಾರ್ಲೊ ನಗರಕ್ಕೆ ಬಂದವಳು. ಅಲ್ಲಿ ತನಗಿಂತ ಸುಮಾರು 20 ವರ್ಷ ಹಿರಿಯನಾದ, ಮ್ಯಾಕ್ಸಿಮ್ ಡಿ ವಿಂಟರ್ ಎಂಬ ಶ್ರೀಮಂತ ವಿಧುರನಿಗೆ ಮನಸೋಲುತ್ತಾಳೆ. ಕೆಲವೇ ವಾರಗಳಲ್ಲಿ ವಿವಾಹ. ಮೊದಲ ಪತ್ನಿ ರೆಬೆಕ್ಕಾ ಸಮುದ್ರದಲ್ಲಿ ಮುಳುಗಿ ಸತ್ತಳೆಂಬುದಷ್ಟೇ ಆಕೆಗೆ ತಿಳಿದಿರುವ ಸಂಗತಿ. ಹೆಚ್ಚಿನದನ್ನು ಆಕೆ ಕೇಳಲಾರಳು, ಆತ ಹೇಳಲಾರ.

ಪತಿಯ ಮ್ಯಾಂಡರ್ಲಿ ಎಂಬ ಬಂಗಲೆಗೆ ಕಾಲಿಟ್ಟರೆ ಅಲ್ಲಿ ಎಲ್ಲೆಡೆಯೂ ರೆಬೆಕ್ಕಾಳ ಮುದ್ರೆ. ಮನೆವಾರ್ತೆ ನೋಡುವ ಡ್ಯಾನ್ವರ್ಸ್ ಎಂಬಾಕೆ ಸತ್ತ ಒಡತಿಯ ಕೋಣೆಯನ್ನು ಇದ್ದಂತೆಯೇ ಕಾಪಾಡಿಕೊಂಡು, ಹೊಸ ಸೊಸೆಯನ್ನು ಮಾತುಮಾತಿಗೂ ಕುಗ್ಗಿಸುತ್ತಾಳೆ. ಗಂಡನ ಮೌನವನ್ನು ಈಕೆ ಆರದ ವಿರಹವೆಂದು ಭಾವಿಸಿ ಒಳಗೊಳಗೇ ಸವೆಯುತ್ತಾಳೆ. ಲೇಖಕಿಯ ಜಾಣ್ಮೆಯನ್ನು ಗಮನಿಸಿರಿ: ಸತ್ತವಳ ಹೆಸರೇ ಕೃತಿಯ ಹೆಸರು, ಬದುಕಿರುವ ನಾಯಕಿಗೆ ಕೊನೆಯವರೆಗೂ ಹೆಸರೇ ಇಲ್ಲ.

ಮುಂದೆ ಹಡಗೊಂದು ದಡದ ಬಳಿ ಸಿಕ್ಕಿಕೊಂಡಾಗ ನೀರಿಗಿಳಿದ ಮುಳುಗುಗಾರನ ಕಣ್ಣಿಗೆ ರೆಬೆಕ್ಕಾಳ ದೋಣಿ ಬೀಳುತ್ತದೆ, ಅದರೊಳಗೊಂದು ಶವ. ಆಗ ಮ್ಯಾಕ್ಸಿಮ್ ಬಾಯಿಬಿಡುತ್ತಾನೆ. ತಾನು ರೆಬೆಕ್ಕಾಳನ್ನು ಎಂದೂ ಪ್ರೀತಿಸಿರಲಿಲ್ಲ. ಅವಳ ದುರ್ನಡತೆಯನ್ನು ಮನೆತನದ ಮರ್ಯಾದೆಗಾಗಿ ಸಹಿಸಿದ್ದೆ. ಕಡೆಗೆ ಗುಂಡಿಟ್ಟು ಕೊಂದು ದೋಣಿಯನ್ನು ಮುಳುಗಿಸಿದೆ, ಎನ್ನುತ್ತಾನೆ.

ಕೃತಿಯ ಮರ್ಮವಿರುವುದು ಇಲ್ಲಿಯೇ. ಗಂಡನು ಕೊಲೆಗಾರನೆಂದು ತಿಳಿದ ಕ್ಷಣ ಆಕೆ ಬೆಚ್ಚಿ ಹಿಂದೆ ಸರಿಯುವುದಿಲ್ಲ. ರೆಬೆಕ್ಕಾಳನ್ನು ಆತ ಪ್ರೀತಿಸಿರಲಿಲ್ಲವೆಂಬ ಮಾತೊಂದೇ ಅವಳ ಎದೆಯ ಭಾರವನ್ನು ಇಳಿಸುತ್ತದೆ. ವಿಚಾರಣೆ ನಡೆಯುವಾಗ ಆತ ಪಾರಾಗಲೆಂದು ಅವಳೊಡನೆ ನಾವೂ ಹಾರೈಸತೊಡಗುತ್ತೇವೆ. ಆದರೆ ರೆಬೆಕ್ಕಾಳ ಪರವಾಗಿ ಮಾತನಾಡುವವರು ಯಾರು? ಅವಳ ದೋಷಗಳನ್ನು ನಾವು ಬಹುಪಾಲು ಕೇಳುವುದು ಅವಳನ್ನು ಕೊಂದವನ ಬಾಯಿಂದಲೇ. ಅನುರಾಗವು ನ್ಯಾಯಬುದ್ಧಿಗೆ ಹೇಗೆ ಪರದೆ ಎಳೆಯಬಲ್ಲದೆಂಬುದನ್ನು ಲೇಖಕಿ ಉಪದೇಶಿಸದೆ, ಓದುಗನನ್ನೇ ಆ ಪರದೆಯೊಳಗೆ ನಿಲ್ಲಿಸಿ ತೋರಿಸುತ್ತಾಳೆ.

ಆಲ್‌ಫ್ರೆಡ್ ಹಿಚ್‌ಕಾಕ್ 1940ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ರೆಬೆಕ್ಕಾಳ ಮರಣವು ಆಕಸ್ಮಿಕವಾಯಿತು. ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಉಳಿಯುವುದನ್ನು ಅಂದಿನ ಅಮೆರಿಕದ ಚಿತ್ರ ನಿಯಮಾವಳಿ ಒಪ್ಪುತ್ತಿರಲಿಲ್ಲ. ಆ ಚಿತ್ರಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಲಭಿಸಿತಾದರೂ ಕಾದಂಬರಿಯ ಮುಳ್ಳು ಮೊಂಡಾಯಿತು. 1964ರಲ್ಲಿ ಬಂದ, ವಹೀದಾ ರೆಹಮಾನ್ ನಟಿಸಿದ ಹಿಂದಿ ಚಿತ್ರ ‘ಕೊಹ್ರಾ’ಕ್ಕೂ ಇದೇ ಕಥೆ ಆಧಾರ.

ನಮ್ಮಲ್ಲಿ ಸಂಬಂಧ ಬೆಳೆಸುವಾಗ ಮನೆತನ, ಆಸ್ತಿ, ಉದ್ಯೋಗಗಳನ್ನು ಹಿರಿಯರು ಕೆದಕಿ ವಿಚಾರಿಸುತ್ತಾರೆ; ತಾವೇ ಮೆಚ್ಚಿ ಕೂಡುವ ತರುಣರು ಅದನ್ನೂ ವಿಚಾರಿಸುವುದಿಲ್ಲ. ಕೈಹಿಡಿಯುವವರ ಬಾಳನ್ನು ತಟ್ಟುವಂಥ ಹಿಂದಿನ ಸಂಗತಿ, ಅದು ರೋಗವಿರಲಿ, ಸಾಲವಿರಲಿ, ಮುರಿದ ಮದುವೆಯಿರಲಿ, ಎರಡೂ ಕಡೆ ಮುಚ್ಚಿಯೇ ಇರುವುದುಂಟು. ಅವರವರ ಅಂತರಂಗದ ಹಳೆಯ ನೋವುಗಳನ್ನೆಲ್ಲ ಹರಾಜಿಗಿಡಬೇಕೆಂದು ಇದರ ಅರ್ಥವಲ್ಲ. ಇನ್ನೊಬ್ಬರು ಹೊರಬೇಕಾಗಿ ಬರುವ ಭಾರವನ್ನು ಹೊರಿಸುವ ಮುನ್ನವೇ ತಿಳಿಸುವುದು ಧರ್ಮ.

ಮ್ಯಾಕ್ಸಿಮ್ ಶಿಕ್ಷೆಯಿಂದ ಪಾರಾಗುತ್ತಾನೆ. ಮ್ಯಾಂಡರ್ಲಿ ಬೆಂಕಿಗೆ ಆಹುತಿಯಾಗುತ್ತದೆ. ಪರದೇಶದ ಹೋಟೆಲುಗಳಲ್ಲಿ ದಿನ ನೂಕುವ ಆ ದಂಪತಿಗಳು ಹಳೆಯದನ್ನು ನೆನಪಿಸುವ ಯಾವ ಮಾತನ್ನೂ ಆಡುವುದಿಲ್ಲ. ಆಕೆ ಗಂಡನಿಗೆ ಊರಿನ ಪತ್ರಿಕೆಗಳಿಂದ ಕ್ರಿಕೆಟ್ ವರದಿಗಳನ್ನು ಓದಿ ಹೇಳುತ್ತಾಳೆ. ಇದನ್ನು ಸುಖವೆಂದು ಆಕೆ ನಂಬಿದ್ದಾಳೆ. ಅದು ಸುಖವೇ ಎಂಬುದನ್ನು ಸಹೃದಯರು ಕೃತಿಯನ್ನೋದಿ ತಾವೇ ನಿರ್ಣಯಿಸಬೇಕು.